ತಿಕ್ಕಿದ ತಾಮ್ರ

ಹುಣಸೆಹಣ್ಣು ತಾಮ್ರಕ್ಕೆ ತಾಗಿದಾಗ ಒಂದು ವಾಸನೆ ಏಳುತ್ತದೆ. ಬರೀ ಹುಳಿಯಲ್ಲ, ಬರೀ ಲೋಹದ್ದೂ ಅಲ್ಲ, ನಾಲಿಗೆಯ ಬದಿಯಲ್ಲಿ ನೀರು ಬರಿಸುವಂಥದ್ದು. ಹೋದ ದೀಪಾವಳಿಗೆ, ನೀರು ತುಂಬುವ ಹಬ್ಬದ ದಿನ, ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದವಳಿಗೆ ಆ ವಾಸನೆಯಿಂದಲೇ ಎಚ್ಚರವಾಯಿತು. ಹಿತ್ತಲಲ್ಲಿ ಸೊಸೆ ಹಬ್ಬದ ಪಾತ್ರೆ ತಿಕ್ಕುತ್ತಿದ್ದಳು. ಈಗ ನಮ್ಮ ಮನೆಯಲ್ಲಿ ಎಲ್ಲಾ ಸ್ಟೀಲು. ತಾಮ್ರದ್ದು ಎಂದರೆ ಒಂದು ಹಂಡೆ, ಎರಡು ಚರಿಗೆ. ಅಷ್ಟಕ್ಕೆ ಇಷ್ಟು ಹೊತ್ತು ಯಾಕೆ ಎಂದು ಎದ್ದು ಹೋದೆ.

"ನೋಡ್ರಿ ಅತ್ತಿ, ಹೆಂಗ ಹೊಳಿಯಾಕತ್ತದ!" ಎಂದು ಅವಳು ಎರಡೂ ಕೈಯಿಂದ ಏನನ್ನೋ ಎತ್ತಿ ಹಿಡಿದಳು.

ಅದು ಹಂಡೆಯಲ್ಲ, ಚರಿಗೆಯೂ ಅಲ್ಲ. ನನ್ನ ಟ್ರಂಕಿನ ತಳದಲ್ಲಿ ಹಳೆಯ ಧೋತರದ ಚೂರಿನಲ್ಲಿ ಸುತ್ತಿಟ್ಟಿದ್ದ ತಾಮ್ರದ ತಗಡು. ಅದರೊಳಗೆ ನನ್ನ ಮುಖ ಕಾಣುತ್ತಿತ್ತು.

"ಟ್ರಂಕಿನ್ಯಾಗ ಸಿಕ್ತು. ಮೂಲಿ ಎಲ್ಲಾ ಕರ್ರಗಾಗಿ ಹೋಗಿತ್ತು ನೋಡ್ರಿ. ಯಾವುದರ ಮುಚ್ಚಳರೀ ಇದು?"

ಅವಳು ನನ್ನ ಮುಖ ನೋಡಿ ಸಣ್ಣಗಾದಳು. "ತಪ್ಪಾತೇನ್ರಿ?" ಎಂದಳು. ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಬಹಳ ವರ್ಷಗಳ ಹಿಂದೆ ಇನ್ನೊಬ್ಬರು ಇದೇ ತಗಡನ್ನು ನೋಡಿ ಹೀಗೆಯೇ ಕಲ್ಲಿನ ಮೇಲೆ ಕುಳಿತಿದ್ದರು…

ಅವರನ್ನು ನಾವು ಮಾಸ್ತರು ಎನ್ನುತ್ತಿದ್ದೆವು. ರಾಯಚೂರಿನಲ್ಲಿ ಕೋಟೆಗೋಡೆಗೆ ಬೆನ್ನು ಕೊಟ್ಟಂತಿದ್ದ ಓಣಿಯಲ್ಲಿ ಅವರ ಮನೆ. ಮೊದಲು ದೇವದುರ್ಗದ, ಆಮೇಲೆ ರಾಯಚೂರಿನ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮಪ್ಪ ಮಸರಕಲ್ ಕಡೆಯವನು. ಕುರಿ ಮಾರಿ, ರೈಲು ಗೋದಾಮಿನಲ್ಲಿ ಹಮಾಲಿ ಮಾಡಲು ರಾಯಚೂರಿಗೆ ಬಂದವನು ಜ್ವರ ಬಂದು ಸತ್ತ. ಆಮೇಲೆ ಅವ್ವ ಮಾಸ್ತರರ ಮನೆಯ ಕಸ, ಮುಸುರೆಗೆ ನಿಂತಳು. ಅವ್ವನ ಹಿಂದೆ ನಾನು, ನನ್ನ ಹಿಂದೆ ತಂಗಿ. ನಾನು ಎರಡು ವರ್ಷ ಶಾಲೆಗೆ ಹೋಗಿ ಬಿಟ್ಟವಳು. ಇದನ್ನು ಬರೆಯುವಾಗಲೂ ಒತ್ತಕ್ಷರಗಳನ್ನು ಮೊಮ್ಮಗಳಿಗೆ ತೋರಿಸಿ ತಿದ್ದಿಸಿಕೊಳ್ಳುತ್ತಿದ್ದೇನೆ.

ಮಾಸ್ತರು ಚಿತ್ರದ ಅಚ್ಚು ತೆಗೆಯುತ್ತಿದ್ದರು. ಹುಡುಗರಾಗಿದ್ದಾಗ ಮುಂಬಯಿಯಲ್ಲಿ ಕಲಿತ ವಿದ್ಯೆಯಂತೆ. ಮೆಝೊಟಿಂಟ್ ಎಂದು ಅದರ ಹೆಸರು, ನಮ್ಮ ಬಾಯಿಗೆ ಅದು ಬರುತ್ತಿರಲಿಲ್ಲ. ಬೇರೆಯವರು ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆದು ಚಿತ್ರ ಮಾಡಿದರೆ, ಇವರು ಮೊದಲು ಎಲ್ಲವನ್ನೂ ಕಪ್ಪು ಮಾಡಿಕೊಂಡು ಅದರೊಳಗಿಂದ ಬೆಳಕು ತೆಗೆಯುತ್ತಿದ್ದರು. ನುಣುಪಾದ ತಾಮ್ರದ ತಗಡು. ಅದರ ಮೇಲೆ ಬಾಗಿದ ಅಂಚಿನ, ಸಣ್ಣ ಹಲ್ಲುಗಳ ಒಂದು ಉಕ್ಕಿನ ಉಪಕರಣವನ್ನು ಒತ್ತಿ ಹಿಡಿದು ಆ ಕಡೆ ಈ ಕಡೆ ತೂಗಬೇಕು. ತೊಟ್ಟಿಲು ತೂಗಿದ ಹಾಗೆ. ನಾವು ಅದನ್ನು ತೊಟ್ಟಿಲು ಎಂದೇ ಕರೆಯುತ್ತಿದ್ದೆವು. ಉದ್ದಕ್ಕೆ ತೂಗಿ, ಅಡ್ಡಕ್ಕೆ ತೂಗಿ, ಓರೆಯಾಗಿ ತೂಗಿ, ಮತ್ತೆ ಮೊದಲಿನಿಂದ… ಕಡೆಗೆ ತಗಡು ಮಖಮಲ್ಲಿನಂತೆ ಆಗುತ್ತಿತ್ತು. ಮಸಿ ಹಚ್ಚಿ ಅಚ್ಚು ಒತ್ತಿದರೆ ಬಾವಿಯೊಳಗೆ ಬಗ್ಗಿ ನೋಡಿದಷ್ಟು ಕಪ್ಪು. ಆ ಒರಟನ್ನು ಎಲ್ಲೆಲ್ಲಿ ಹೆರೆದು, ಉಜ್ಜಿ ನುಣುಪು ಮಾಡುತ್ತಾರೋ ಅಲ್ಲಲ್ಲಿ ಮಸಿ ನಿಲ್ಲುವುದಿಲ್ಲ, ಅಲ್ಲಿ ಬೆಳಕು. ದೀಪದ ಕಾಡಿಗೆಯನ್ನು ದೇವದುರ್ಗದ ಕಡೆಯಿಂದ ಬರುತ್ತಿದ್ದ ಅಗಸೆ ಎಣ್ಣೆಯಲ್ಲಿ ಅರೆದು ಮಸಿಯನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಅವರ ಮನೆಯ ಮೆಟ್ಟಿಲು ಹತ್ತುವಾಗಲೇ ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು.

ಅವರು ದೇವರ ಪಟ ಮಾಡಲಿಲ್ಲ, ರಾಜರ ಪಟ ಮಾಡಲಿಲ್ಲ. ಚಿಮಣಿ ದೀಪ, ಚರಿಗೆ, ಒಡೆದ ಮಡಕೆ, ಬೆಳ್ಳುಳ್ಳಿ ಗಡ್ಡೆ, ನಮ್ಮವ್ವನ ಹರಿದ ಚಪ್ಪಲಿ, ಇಂಥವೇ. ಹಲಗೆಯ ಮೇಲೆ ಇಟ್ಟು, ಕಿಟಕಿಯ ಬಾಗಿಲನ್ನು ಒಂದಿಷ್ಟೇ ತೆರೆದು ನೋಡುತ್ತಾ ಕುಳಿತರೆ ಊಟಕ್ಕೂ ಏಳುತ್ತಿರಲಿಲ್ಲ. ಓಣಿಯ ಚಹಾದಂಗಡಿಯವನಿಗೆ ಅವರನ್ನು ಕೆಣಕದಿದ್ದರೆ ಹೊತ್ತು ಹೋಗುತ್ತಿರಲಿಲ್ಲ.

"ಏನ್ರಿ ಮಾಸ್ತರ, ಇವತ್ತು ಯಾರ ಪಟ?"

"ನಮ್ಮ ಚಿಮಣೀದು."

"ಚಿಮಣಿ ಸುಮ್ಕ ಕುಂತು ಪಟ ತಗಸ್ಕೋತದೇನ್ರಿ?"

"ನಿನಗಿಂತ ಚೊಲೊ ಕುಂದರ್ತದ. ಬಾಯಿ ಬಡಿಯಂಗಿಲ್ಲ."

ವಯಸ್ಸಾಗುತ್ತ ಅವರ ಮಣಿಕಟ್ಟು ನೋಯತೊಡಗಿತು. ಬೆಳಕು ತೆಗೆಯುವುದು ಅವರಿಂದ ಆಗುತ್ತಿತ್ತು, ತೂಗುವುದು ಆಗುತ್ತಿರಲಿಲ್ಲ. ಒಂದು ದಿನ ಕಸ ಹೊಡೆಯಲು ಒಳಗೆ ಹೋದ ತಂಗಿ, ಅವರು ಕೈ ನೀವಿಕೊಳ್ಳುತ್ತಿದ್ದಾಗ ತೊಟ್ಟಿಲನ್ನು ತಾನೇ ಎತ್ತಿಕೊಂಡು ತೂಗಿದಳಂತೆ. ಅವತ್ತಿನಿಂದ ಆ ಕೆಲಸ ಅವಳದಾಯಿತು. ಅವಳು ನನ್ನಂಥವಳಲ್ಲ. ನನಗೆ ಎಲ್ಲಾ ಜಲ್ದಿ ಆಗಬೇಕು, ಎಲ್ಲಾ ಹೊಳೆಯಬೇಕು. ಅವಳಿಗೆ ಒಂದೇ ಕೆಲಸವನ್ನು ಮಾಡುತ್ತಾ ಕೂರುವ ತಾಳ್ಮೆ ಇತ್ತು. ಮಾಸ್ತರು ಅವಳು ತೂಗಿದ ತಗಡಿನ ಮೇಲೆ ಹೆಬ್ಬೆರಳು ಆಡಿಸಿ, "ಖರೇ ಕತ್ತಲಿ ಅಂದ್ರ ಇದು ನೋಡು" ಎನ್ನುತ್ತಿದ್ದರು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ಆಗ ಯುದ್ಧದ ಕಾಲ. ಪೇಟೆಯಲ್ಲಿ ತಾಮ್ರ ಸಿಗುತ್ತಿರಲಿಲ್ಲ. ಮಾಸ್ತರಿಗೆ ಒಂದು ದೊಡ್ಡ ಚಿತ್ರ ಮಾಡುವ ಆಸೆ, ತಗಡಿಲ್ಲ. ಅವ್ವ ತನ್ನ ತಾಯಿಯ ಕಾಲದ ಹಂಡೆಯನ್ನು ಕೊಟ್ಟಳು. ತಳ ತೂತು ಬಿದ್ದು ಮೂಲೆಯಲ್ಲಿ ಕುಳಿತಿತ್ತು. "ಒಲಿ ಮ್ಯಾಲಂತೂ ಕುಂದರಂಗಿಲ್ಲ, ನಿಮ್ಮ ಪಟದಾಗರ ಕುಂದರ್ಲಿ" ಎಂದಳು. ಮಾನ್ವಿಯ ತಾಮ್ರದ ಕೆಲಸದವರು ಅದರ ಹೊಟ್ಟೆಯನ್ನು ಕತ್ತರಿಸಿ, ಬಡಿದು, ಸಪಾಟು ಮಾಡಿ ಕೊಟ್ಟರು. ಆ ಮಳೆಗಾಲವೆಲ್ಲಾ ತಂಗಿ ಅದನ್ನು ತೂಗಿದಳು. ಹೊರಗೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಳಗೆ ಮಾತ್ರ ಇಡೀ ದಿನ ಕರಕರ ಸದ್ದು.

ಇಲ್ಲಿ ಮದುವೆಯ ವಿಷಯ ಹೇಳಬೇಕು. ಆ ವರ್ಷ ನನಗೆ ಗಂಡು ಗೊತ್ತಾಗಿತ್ತು. ಮಾನ್ವಿ ಕಡೆಯವರು, ಆದರೆ ಹುಡುಗ ರಾಯಚೂರಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ತಂಗಿಗೆ ಗಬ್ಬೂರಿನ ಸೋದರಮಾವನ ಮಗ ಹುಟ್ಟಿದಾಗಲೇ ಗೊತ್ತಾದವನು. ಇಬ್ಬರದೂ ಒಂದೇ ಹಂದರದಲ್ಲಿ ಮುಗಿಸಿಬಿಡಬೇಕೆಂದು ಅವ್ವನ ಲೆಕ್ಕ. ಮಾಸ್ತರು ತಂಗಿಯ ಮದುವೆ ನಿಲ್ಲಿಸಲು ಕೇಳಿಕೊಂಡರು. "ಯವ್ವಾ, ಈ ಕೈ ಮತ್ತ ಸಿಗಂಗಿಲ್ಲ. ಆಕಿ ಇಲ್ಲೇ ಇರ್ಲಿ. ತೂಗೋದು ಕಲ್ತಾಳ, ಬೆಳಕು ತೆಗಿಯೋದೂ ಕಲಸ್ತೀನಿ. ನನ್ನ ಹಿಂದ ಈ ಸಾಮಾನೆಲ್ಲಾ ಆಕೀದು." ಅವ್ವ ಬಹಳ ಯೋಚಿಸಿ, ಈ ತಗಡು ಪಟವಾಗಿ ಹೊರಬರಲಿ, ಆಗ ನೋಡೋಣ ಎಂದಳು. ಅಷ್ಟು ಮಾತಿಗೇ ತಂಗಿ ಆ ದಿನ ರೊಟ್ಟಿ ತಿನ್ನುವುದನ್ನೂ ಮರೆತು ಓಡಾಡಿದಳು.

ನೀರು ತುಂಬುವ ಹಬ್ಬದ ಹೊತ್ತಿಗೆ ತೂಗುವುದು ಮುಗಿದಿತ್ತು. ಹಬ್ಬದ ಮರುದಿನ ಚಿತ್ರ ಶುರು ಮಾಡುವುದೆಂದು ಮಾಸ್ತರು ತಗಡನ್ನು ಕಿಟಕಿಯ ಬಳಿ ಬಟ್ಟೆ ಹೊದಿಸಿ ಇಟ್ಟಿದ್ದರು. ಹಬ್ಬದ ಮಧ್ಯಾಹ್ನ ಅವರು ಪೇಟೆಗೆ ಹೋದರು. ಅವ್ವ ಅಂಗಳ ಸಾರಿಸುತ್ತಿದ್ದಳು. ತಂಗಿ ನೀರು ತರುತ್ತಾ ಒಳಗೂ ಹೊರಗೂ ಓಡಾಡುತ್ತಿದ್ದಳು. ನಾನು ಮನೆಯ ತಾಮ್ರವನ್ನೆಲ್ಲಾ ಹಿತ್ತಲಿಗೆ ತಂದು ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹಿಡಿದು ಕುಳಿತೆ. ಆ ದಿನ ಮನೆಯಲ್ಲಿ ಮಂಕಾದ ತಾಮ್ರ ಇರಬಾರದು. ತಿಕ್ಕಿ, ತೊಳೆದು, ಸುಣ್ಣದ ಪಟ್ಟೆ ಎಳೆದು, ಕುಂಕುಮವಿಟ್ಟು, ಬಚ್ಚಲಲ್ಲಿ ಸಾಲಾಗಿ ನಿಲ್ಲಿಸಬೇಕು. ಚಿತ್ರಕ್ಕೆಂದು ಇಟ್ಟಿದ್ದ ಚರಿಗೆ ತರಲು ಒಳಗೆ ಹೋದಾಗ ಬಟ್ಟೆ ಸರಿದು ಆ ತಗಡು ಕಂಡಿತು. ಅಜ್ಜಿಯ ಹಂಡೆ! ಹಬ್ಬದ ದಿನ ಹೊಳಪೇ ಇಲ್ಲದೆ ಬೂದಿ ಬಡಿದಂತೆ ಮಲಗಿತ್ತು. ಕತ್ತಲು, ಬೆಳಕಿನ ಲೆಕ್ಕವೆಲ್ಲಾ ನನಗೆ ತಿಳಿದದ್ದು ಆಮೇಲೆ. ಆಗ, ತಂಗಿ ಕೆರೆಯುತ್ತಿದ್ದುದು ಹಳೆಯ ಕಿಲುಬು ತೆಗೆಯಲು, ಮುಂದೆ ಹೇಗೂ ಇದನ್ನು ಹೊಳೆಯಿಸುತ್ತಾರೆ ಎಂದೇ ನಾನು ತಿಳಿದಿದ್ದೆ. ಆ ಕೋಣೆಯಲ್ಲಿ ನಿಂತು ನೋಡುವ ಪುರಸೊತ್ತು ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ಇಷ್ಟು ನಿಜ. ಇನ್ನೂ ಒಂದು ನಿಜವಿದೆ. ಮಾಸ್ತರು ನನ್ನ ಕೆಲಸವನ್ನೂ ಒಮ್ಮೆ ಹೆಬ್ಬೆರಳು ಆಡಿಸಿ ನೋಡಲಿ ಎಂಬ ಆಸೆ ಇತ್ತು. ಆದ್ದರಿಂದ ಬೇರೆ ಯಾವ ಪಾತ್ರೆಯನ್ನೂ ತಿಕ್ಕದಷ್ಟು ಗಟ್ಟಿಯಾಗಿ ಅದನ್ನು ತಿಕ್ಕಿದೆ. ನಡುಭಾಗ ಬಂಗಾರದಂತೆ ಆಯಿತು. ಅಂಚಿಗೆ ಕೈ ಹೋಗುವಷ್ಟರಲ್ಲಿ ಅವ್ವ ಕೂಗಿದಳು. ಬೇಗ ಬೇಗ ತೊಳೆದು, ಸುಣ್ಣದ ಪಟ್ಟೆ ಎಳೆದು, ಕುಂಕುಮ ಹಚ್ಚಿ, ಬಚ್ಚಲಲ್ಲಿ ಕೊಡಗಳ ಪಕ್ಕ ನಿಲ್ಲಿಸಿದೆ.

ಮಾಸ್ತರು ಬಂದವರು ಕೈಕಾಲು ತೊಳೆಯಲು ಹಿಂದೆ ಹೋದರು. ಬಹಳ ಹೊತ್ತಾದರೂ ನೀರಿನ ಸದ್ದು ಬರಲಿಲ್ಲ. ನಾವು ಮೂವರೂ ಹೋಗಿ ನೋಡಿದರೆ ಅವರು ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ತಗಡು. ಹೆಬ್ಬೆರಳು ಅದರ ಮೂಲೆಯನ್ನು ಸವರುತ್ತಿತ್ತು. ಅವ್ವನಿಗೆ ಅರ್ಥವಾಗಲು ತಡವಾಗಲಿಲ್ಲ.

"ಯಾವಾಕಿ ಬೇ ಇದನ್ನ ತಿಕ್ಕಿದಾಕಿ?"

ತಂಗಿ ತಗಡನ್ನು ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. "ನಾನ ಯವ್ವಾ. ಹಬ್ಬ ಅಂತ ತೊಳದೆ" ಎಂದಳು.

ಅವ್ವ ಅವಳ ಬೆನ್ನಿಗೆ ಬಾರಿಸಿದಳು. ಮಾಸ್ತರು ಎದ್ದು ಅಡ್ಡ ಬಂದರು. "ಹೊಡಿಬ್ಯಾಡ ಯವ್ವಾ. ಹಬ್ಬಕ್ಕ ಎಲ್ಲಾ ಹೊಳೀಬೇಕಲ್ಲ… ಹೊಳೀಲಿ ಬಿಡು" ಎಂದು ತಗಡನ್ನು ಹಿಡಿದುಕೊಂಡು ಒಳಗೆ ಹೋದರು. ಸುಣ್ಣ, ಕುಂಕುಮ ಅವರ ಧೋತರಕ್ಕೆ ಮೆತ್ತಿತ್ತು.

"ಯಾಕ ಹಂಗಂದಿ?" ಎಂದು ತಂಗಿಯನ್ನು ಕೇಳಿದೆ. "ನನಗಾದ್ರ ಮಾಸ್ತರು ಬೈಯಂಗಿಲ್ಲ ಬಿಡಕ್ಕಾ. ನಿನಗಾದ್ರ ಅವ್ವ ಕೊಂದ ಬಿಡ್ತಿದ್ಲು" ಎಂದಳು. ಅವಳು ಹೇಳಿದಂತೆಯೇ ಮಾಸ್ತರು ಬೈಯಲಿಲ್ಲ. ಆದರೆ ಅವಳು ಅವ್ವನ ಲೆಕ್ಕ ಹಿಡಿದಿರಲಿಲ್ಲ. ಅವ್ವ ಆ ತಪ್ಪನ್ನು ಬೇರೆಯೇ ರೀತಿ ಓದಿದಳು: ಮಳೆಗಾಲವೆಲ್ಲಾ ಕುಳಿತು ಮಾಡಿದ್ದನ್ನು ತಾನೇ ತಿಕ್ಕಿ ಅಳಿಸಿದಳೆಂದರೆ ಅದರ ಮೇಲೆ ಇವಳಿಗೆ ಮನಸ್ಸಿಲ್ಲ, ಇವಳಿಗೆ ಗಂಡನ ಮನೆಯೇ ಬೇಕು. ಗಬ್ಬೂರಿಗೆ ಹೇಳಿಕಳಿಸಿದಳು. ತಂಗಿ ಅತ್ತಳು. ಅಳುವುದು ಹೊಡೆತಕ್ಕೆ ಎಂದುಕೊಂಡಳು ಅವ್ವ.

ಮಾಸ್ತರು ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಗೋದಾಮಿನ ಹಿಂದಿನ ನಮ್ಮ ಗುಡಿಸಲಿನ ಮುಂದೆ, ನಾನು ಹಾಸಿದ ಕಂಬಳಿಯ ಮೇಲೆ ಕುಳಿತರು. "ಇನ್ನೊಂದು ಮಳಿಗಾಲ ಕೊಡು ಯವ್ವಾ. ಮತ್ತ ತೂಗ್ತಾಳ" ಎಂದರು.

"ಬ್ಯಾಡ್ರಿ. ಆಕಿಗೇ ಬ್ಯಾಡಾಗ್ಯದ."

"ಅದು ಆಕಿ ಕೈಲೆ ಆದ ಕೆಲಸ ಅಲ್ಲ."

"ಆಕೀನ ಬಾಯಿಬಿಟ್ಟು ಹೇಳ್ಯಾಳಲ್ರಿ?"

ಮಾಸ್ತರು ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ. ನನ್ನ ಪಕ್ಕದ ಗೋಡೆಯನ್ನು ನೋಡುತ್ತಾ, "ಯಾರರ ಏನರ ಹೇಳೋದಿದ್ರ ಈಗ ಹೇಳ್ರಿ. ಯಾರೂ ಸಿಟ್ಟಾಗಂಗಿಲ್ಲ" ಎಂದರು. ತಂಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಅವ್ವ ಹೊಡೆಯುತ್ತಿದ್ದಳು, ಮಾನ್ವಿಯವರ ಕಿವಿಗೆ ಬಿದ್ದರೆ ಅವಸರಗೇಡಿ ಹುಡುಗಿ ಎನ್ನುತ್ತಿದ್ದರು, ಅಷ್ಟೇ. ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ.

ಮನೆಯಲ್ಲಿ ನೀರಿತ್ತು.

ಒಂದೇ ಹಂದರದಲ್ಲಿ ಎರಡು ಮದುವೆಯಾಯಿತು. ಮಾಸ್ತರು ಇಬ್ಬರಿಗೂ ಒಂದೊಂದು ತಾಮ್ರದ ಚರಿಗೆ ಕೊಟ್ಟರು. ತಂಗಿ ಬಂಡಿ ಹತ್ತುವಾಗ ಅವರ ಕಾಲಿಗೆ ಬಿದ್ದಳು. ಅವರು ಅವಳ ಬಲಗೈಯನ್ನು ಹಿಡಿದು ಅಂಗೈ ಮೇಲಿನ ಜಡ್ಡನ್ನು ಹೆಬ್ಬೆರಳಿನಿಂದ ಸವರಿದರು.

ಮದುವೆಯ ನಂತರವೂ ನಾನು ಅವ್ವನ ಜೊತೆ ಮಾಸ್ತರರ ಮನೆಗೆ ಹೋಗುತ್ತಿದ್ದೆ. ಎದುರಿಗೆ ಬಂದರೆ ತಲೆ ತಗ್ಗಿಸುತ್ತಿದ್ದೆ. ಒಂದು ಬೆಳಿಗ್ಗೆ ಅವರು ಹಿತ್ತಲ ಬಾಗಿಲಲ್ಲಿ ನಿಂತು, "ಲೇ ಹುಡುಗಿ, ನೀ ತಿಕ್ಕೋ ಸಾಮಾನೆಲ್ಲಾ ತಗೊಂಡು ಒಳಗ ಬಾ" ಎಂದರು. ಹುಣಸೆಹಣ್ಣಿನ ಉಂಡೆ, ತೆಂಗಿನ ನಾರು, ಕರಟದಲ್ಲಿ ಇಟ್ಟಿಗೆ ಪುಡಿ. ಅವರು ಒಂದೊಂದನ್ನೇ ತೆಗೆದುಕೊಂಡು ಹಲಗೆಯ ಮೇಲೆ ಇಟ್ಟರು. ನಾರನ್ನು ಕರಟಕ್ಕೆ ಒರಗಿಸಿದರು. ಕಿಟಕಿಯನ್ನು ಸ್ವಲ್ಪ ತೆರೆದರು. ಆಮೇಲೆ ಆ ತಗಡನ್ನು ತಂದು ಎದುರಿಗಿಟ್ಟರು.

ಅವರಿಗೆ ಗೊತ್ತಿತ್ತು. ಒಂದು ಬೆಳ್ಳುಳ್ಳಿಯನ್ನು ಅಷ್ಟು ಹೊತ್ತು ನೋಡುವವರು ಹುಣಸೆಹುಳಿಗೆ ಬಿಳಿಚಿದ ನನ್ನ ಬೆರಳುಗಳನ್ನು ಹಬ್ಬದ ದಿನವೇ ನೋಡಿರದೆ ಇರುತ್ತಾರೆಯೇ? ನಾನು ಅಳತೊಡಗಿದೆ. "ಮಾಸ್ತರ, ಅವತ್ತು…" ಎಂದೆ.

"ಆತು ಬಿಡು" ಎಂದರು. "ನನ್ನ ಮುಂದ ಹೇಳಿ ಏನಾಗಬೇಕು? ಹೇಳಬೇಕಾದೋರ ಮುಂದ ಹೇಳು, ಯಾವಾಗರ. ಈಗ ಕಣ್ಣ ಒರಸ್ಕೊಂಡು ಇಲ್ಲಿ ನೋಡು. ನಡುವಿನ ಬೆಳಕು ನೀನ ತೆಗದಿಟ್ಟೀದಿ. ಅಂಚಿನ ಕತ್ತಲಿ ನಿನ್ನ ತಂಗೀದು, ಹಂಗ ಅದ. ಇದಕ್ಕ ತಕ್ಕ ಸಾಮಾನು ನಾ ಹುಡುಕೀನಿ."

ಮತ್ತೆ ತೂಗುವವರು ಇರಲಿಲ್ಲ. ಇದ್ದುದರಲ್ಲೇ ಅವರು ಚಿತ್ರ ಮಾಡಿದರು. ನುಣುಪು ಮಾಡುವ ಉಕ್ಕಿನ ಕಡ್ಡಿಯನ್ನು ನನ್ನ ಕೈಗೂ ಕೊಟ್ಟರು. "ನಿಂದು ತಿಕ್ಕೋ ಕೈ. ಇಲ್ಲಿ ಅದ ಬೇಕು. ಆದ್ರ ಮೆಲ್ಲಕ, ನಿಂತು ನಿಂತು." ನಾರಿನ ಒಂದೊಂದು ಎಳೆಯ ಬೆಳಕನ್ನೂ ನಾನು ಉಜ್ಜಿದೆ. ಒಂದು ವಸ್ತುವನ್ನು ಸುಮ್ಮನೆ ನೋಡುತ್ತಾ ಕೂರುವುದೆಂದರೆ ಏನೆಂದು ನನಗೆ ಗೊತ್ತಾದದ್ದು ಆಗಲೇ. ನಾನು ದಿನಾ ಕೈಯಲ್ಲಿ ಹಿಚುಕುತ್ತಿದ್ದ ಹುಣಸೆಹಣ್ಣಿಗೆ ಎಷ್ಟೊಂದು ಮಡಿಕೆಗಳಿದ್ದವು, ಒಂದೊಂದು ಮಡಿಕೆಯಲ್ಲೂ ಬೇರೆ ಬೇರೆ ಕಪ್ಪು… ಇವತ್ತಿಗೂ ಮನೆಯಲ್ಲಿ ಬೇಸರವಾದರೆ ಒಂದು ಲೋಟ ಎದುರಿಗಿಟ್ಟು ನೋಡುತ್ತೇನೆ. ಇದು ಅವರು ಕೊಟ್ಟದ್ದು. ಬೈಯಬೇಕಾದವರು ಕೊಟ್ಟದ್ದು.

ಆ ತಗಡಿನಿಂದ ಬಹಳ ಅಚ್ಚು ಬರಲಿಲ್ಲ. ಚೆನ್ನಾಗಿ ಬಂದದ್ದೊಂದನ್ನು ತಂಗಿಗೆ ತಲುಪಿಸಲು ನನ್ನ ಕೈಯಲ್ಲಿ ಕೊಟ್ಟರು. ಬಸ್ಸು ಹಿಡಿದು ಗಬ್ಬೂರಿಗೆ ಹೋದೆ. ಅವಳು ಚೊಚ್ಚಲ ಕೂಸನ್ನು ತೂಗುತ್ತಿದ್ದಳು. "ತಾಮ್ರ ತೂಗೋ ತೊಟ್ಟಿಲಕಿಂತ ಇದು ಹಗುರ ಅಕ್ಕಾ. ಆದ್ರ ಅದು ಅಳತಿರಲಿಲ್ಲ" ಎಂದು ನಕ್ಕಳು. ಪಟವನ್ನು ಬೆಳಕಿಗೆ ಹಿಡಿದು ಅಂಚಿನ ಕಪ್ಪನ್ನೇ ಬಹಳ ಹೊತ್ತು ನೋಡಿದಳು. "ನಂದು ಇನ್ನ ಅದ" ಎಂದಳು. ಆಮೇಲೆ, "ಅಕ್ಕಾ, ಅವತ್ತು ಮಾಸ್ತರು ಮನಿಗೆ ಬಂದಾಗ ನೀ ಒಂದು ಮಾತು ಅಂದಿದ್ರ…" ಎಂದು ಶುರು ಮಾಡಿ, ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ ಎಂದು ಎದ್ದು ಹೋದಳು. ಆ ಮಾತನ್ನು ಅವಳು ಮುಂದೆ ಯಾವತ್ತೂ ಮುಗಿಸಲಿಲ್ಲ. ಪಟವನ್ನು ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ಹೊಗೆ ಕುಡಿದು ಕುಡಿದು ಅದು ಪೂರ್ತಿ ಕಪ್ಪಾಗಿ ಹೋಯಿತು.

ನಿಜಾಮರ ರಾಜ್ಯ ಹೋದ ಮುಂದಿನ ಬೇಸಿಗೆಯಲ್ಲಿ ಮಾಸ್ತರು ತೀರಿಕೊಂಡರು. ಉಪಕರಣಗಳನ್ನು ಅವರ ಕಡೆಯವರು ಯಾರೋ ಬಂದು ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು. ತಗಡು ಮಾತ್ರ ಹಾಸಿಗೆ ಹಿಡಿಯುವ ಮೊದಲೇ ನನಗೆ ಕೊಟ್ಟಿದ್ದರು. "ನಿಮ್ಮಜ್ಜಿ ಹಂಡೆ, ನಿಮ್ಮ ಮನ್ಯಾಗ ಇರ್ಲಿ" ಎಂದಿದ್ದರು. ಅವ್ವ ಹೋಗಿ ಬಹಳ ಕಾಲವಾಯಿತು. ತಂಗಿಗೇ ಬೇಡವಾಗಿತ್ತು ಎಂದು ನಂಬಿಕೊಂಡೇ ಹೋದಳು. ನಾನು ಹೇಳಲಿಲ್ಲ. ತಂಗಿಯೂ ಹೋದಳು. ಅವಳು ಹೋದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ, ಆ ತಗಡನ್ನು ಬಿಚ್ಚಿ ಮೂಲೆಗಳ ಮೇಲೆ ಹೆಬ್ಬೆರಳು ಆಡಿಸುವುದು ನನ್ನ ಅಭ್ಯಾಸವಾಗಿತ್ತು. ಮಖಮಲ್ಲಿನಂಥ ಒರಟು. ಅವಳ ಕೈ ಅಲ್ಲಿತ್ತು.

ಅದನ್ನೇ ಸೊಸೆ ಕಿಲುಬು ಎಂದುಕೊಂಡು ತಿಕ್ಕಿದ್ದಳು. ನನಗಿಂತ ಅಚ್ಚುಕಟ್ಟು ಅವಳು, ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. ಕಲ್ಲಿನ ಮೇಲೆ ಕುಳಿತು ಹೆಬ್ಬೆರಳು ಆಡಿಸಿದೆ. ಎಲ್ಲೂ ಏನೂ ತಡೆಯಲಿಲ್ಲ, ಜಾರಿತು.

"ಅತ್ತಿ, ಖರೇನ ತಪ್ಪಾತೇನ್ರಿ? ನಾ ಕೇಳಬೇಕಿತ್ತು…" ಅವಳ ಕಣ್ಣಲ್ಲಿ ನೀರು ಬಂದಿತ್ತು. ಹುಳಿಗೆ ಅವಳ ಬೆರಳುಗಳು ಬಿಳಿಚಿಕೊಂಡಿದ್ದವು.

"ಹಬ್ಬಕ್ಕ ಎಲ್ಲಾ ಹೊಳೀಬೇಕಲ್ಲವಾ… ಹೊಳೀಲಿ ಬಿಡು" ಎಂದೆ. ಅಷ್ಟು ವರ್ಷಗಳ ಹಿಂದಿನ ಮಾತು ನನ್ನ ಬಾಯಿಂದ ಬಂದಿತ್ತು. ಮಾಸ್ತರು ಅದನ್ನು ಹೇಳುವಾಗ ಅವರಿಗೆ ಏನಾಗಿದ್ದಿರಬೇಕೆಂದು ಆಗ ತಿಳಿಯಿತು.

ಮೊಮ್ಮಗಳು ಸುಣ್ಣದ ಬಟ್ಟಲು ಹಿಡಿದು ಬಂದಳು. ತಗಡನ್ನೂ ಕೊಡಗಳ ಸಾಲಿನಲ್ಲಿ ನಿಲ್ಲಿಸೋಣವೇ ಎಂದು ಕೇಳಿದಳು. ನಿಲ್ಲಿಸು ಎಂದೆ. ಪಟ್ಟೆಯನ್ನು ನಾನೇ ಎಳೆದೆ, ಕುಂಕುಮವನ್ನೂ ನಾನೇ ಇಟ್ಟೆ. ಆಮೇಲೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಯಾರ ಮುಂದೆ ಹೇಳಬೇಕಿತ್ತೋ ಅವರು ಯಾರೂ ಉಳಿದಿರಲಿಲ್ಲ. ಆದರೂ ಹೇಳಿದೆ.

"ಇದನ್ನ ಮೊದಲು ತಿಕ್ಕಿದಾಕಿ ನಾನವ್ವಾ. ನನ್ನ ತಂಗಿ ಅಲ್ಲ."